ಆಸ್ಟ್ರೇಲಿಯಾ ಅಲ್ಲಣ್ಣಾ, ಆಸ್ಟ್ರಿಯಾ!

ಹೋದ ಭಾನುವಾರ ಬ್ಯಾಡಗಿಗೆ ಹೋಗಿದ್ದೆ, ಅಣ್ಣನ ಮನೆಗೆ. ಈ ದಿನಗಳಲ್ಲಿ ನಮ್ಮೂರಿಗೆ ಬಂದರೆ ಮೊದಲು ಸೀನು, ಆಮೇಲೆ ಮಾತು. ಬಸ್ಸಿಂದ ಇಳಿಯೋದೇ ತಡ, ಮೆಣಸಿನಕಾಯಿ ಘಾಟು ಮೂಗಿಗೆ ಬಡಿಯುತ್ತೆ. ಅಣ್ಣ ಅಲ್ಲೇ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಸೋಮವಾರ, ಗುರುವಾರ ಮಾರುಕಟ್ಟೆ ಇದ್ದಾಗ ಅವನನ್ನ ಮಾತಾಡಿಸೋ ಹಾಗಿಲ್ಲ. ಭಾನುವಾರ ಮಾತ್ರ ಕೈಗೆ ಸಿಗುವ ಮನುಷ್ಯ.

ಚಪ್ಪಲಿ ಬಿಡೋದರೊಳಗೆ ಶುರುಮಾಡಿದ. "ಬಂದ್ಯಾ? ಚಲೋ ಆತು. ನಿನ್ನ ಸೊಸಿಗೆ ನೀನ ಒಂದೀಟು ಬುದ್ಧಿ ಹೇಳು."

ಸೊಸಿ ಅಂದ್ರೆ ಅಣ್ಣನ ಮಗಳು, ನಮ್ಮ ಪುಟ್ಟಿ. ಎಂಟನೇ ಕ್ಲಾಸು. ಕಳೆದ ನವೆಂಬರ್ 2ರ ರಾತ್ರಿ ಹರ್ಮನ್‌ಪ್ರೀತ್ ಕೌರ್ ತಂಡ ದಕ್ಷಿಣ ಆಫ್ರಿಕಾವನ್ನು 52 ರನ್ನಿಂದ ಸೋಲಿಸಿ ವಿಶ್ವಕಪ್ ಎತ್ತಿತಲ್ಲ, ಅವತ್ತಿಂದ ಮನೆ ಗೋಡೆಯ ಸುಣ್ಣ ಉಳಿದಿಲ್ಲ. ದಿನಾ ಚೆಂಡು ಬಡಿಯೋದೇ. ಈಗ ಹಾವೇರಿಯಲ್ಲಿ ಬೇಸಿಗೆ ಶಿಬಿರ ಇದೆ, ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ತಾರೆ ಅಂತ ಯಾರೋ ಹೇಳಿ, ಫಾರ್ಮ್ ತಂದು ಟಿವಿ ಸ್ಟ್ಯಾಂಡಿನ ಮೇಲೆ ಇಟ್ಟಿದ್ದಾಳೆ. ಅಪ್ಪನ ಸಹಿ ಆಗಬೇಕು. ನಾಲ್ಕು ದಿನದಿಂದ ಆ ಫಾರ್ಮ್ ಅಲ್ಲೇ ಇದೆ.

"ಫೀಸು ಕೊಡಬೌದವ್ವಾ," ಅಂದ ಅಣ್ಣ. "ಬೂಟು, ಬ್ಯಾಟು, ಬಸ್ಸಿನ ಖರ್ಚು, ಅದೂ ಹೆಂಗೋ ಆದೀತು. ಆದ್ರ ಮುಂದ ಏನೈತಿ ಇದರಾಗ? ಇಂಡಿಯಾ ಟೀಮಿನಾಗ ಹನ್ನೊಂದ ಮಂದಿ. ಇಡೀ ದೇಶದಾಗ ಹನ್ನೊಂದ ಮಂದಿ! ನೀ ಲ್ಯಾಬಿನಾಗ ಇರಾಕಿ. ನೀನ ಲೆಕ್ಕಾ ಹಾಕಿ ಹೇಳು."

ನಾನು ಕೆಲಸ ಮಾಡೋದು ರಾಣೆಬೆನ್ನೂರಿನಲ್ಲಿ, ಒಂದು ಬೀಜದ ಕಂಪನಿಯ ಪರೀಕ್ಷಾಲಯದಲ್ಲಿ. ನೂರು ಬೀಜ ಒದ್ದೆ ಕಾಗದದ ಮೇಲೆ ಇಟ್ಟು, ಎಷ್ಟು ಮೊಳಕೆ ಒಡೀತು ಅಂತ ಎಣಿಸೋದು ನನ್ನ ಹೊಟ್ಟೆಪಾಡು. ಅಣ್ಣನ ಲೆಕ್ಕದಲ್ಲಿ ತಪ್ಪು ಹುಡುಕೋಕೆ ನೋಡಿದೆ. ಸಿಗಲಿಲ್ಲ. ಪುಟ್ಟಿ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನ ಮುಖಾನೇ ನೋಡ್ತಿದ್ದಳು.

ಆಗ ನನಗೆ ನೆನಪಾದದ್ದು 2011ರ ಮಾರ್ಚ್ 2ರ ರಾತ್ರಿ.

ಅವತ್ತು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಕಪ್ ಪಂದ್ಯ. ಇಂಗ್ಲೆಂಡ್ 327 ಹೊಡೆದಿತ್ತು. ಎದುರಿಗೆ ಐರ್ಲೆಂಡ್. ಮೊದಲ ಎಸೆತಕ್ಕೇ ನಾಯಕ ಔಟ್. 111 ಆಗೋ ಹೊತ್ತಿಗೆ ಐದು ವಿಕೆಟ್ ಬಿದ್ದಿತ್ತು. ನನಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಎದುರಿಗಿತ್ತು. ಅಪ್ಪ ಎದ್ದು ಬಂದು, "ಐರ್ಲೆಂಡ್ ಅಂತ, ಅದೂ ಒಂದ ಟೀಮೇನು? ಆರ್ಸು ಅದನ್ನ, ಓದಕೋ ಹೋಗು" ಅಂದರು. ಆರಿಸಿದ್ದು ಅಣ್ಣ. ಮರುದಿನ ಪೇಪರಿನಲ್ಲಿ ಓದಿದ್ವಿ: ಕೆವಿನ್ ಓಬ್ರಿಯನ್ ಅನ್ನೋನು 50 ಎಸೆತದಲ್ಲಿ ನೂರು ಹೊಡೆದು, ಒಟ್ಟು 113 ಮಾಡಿ, ಐರ್ಲೆಂಡ್ ಇನ್ನೂ ಐದು ಎಸೆತ ಬಾಕಿ ಇರುವಾಗಲೇ ಗೆದ್ದಿತ್ತು! ಅವನು ಅಲ್ಲಿಗೇ ನಿಲ್ಲಲಿಲ್ಲ ಕೂಡ. 2018ರಲ್ಲಿ ಐರ್ಲೆಂಡ್ ತನ್ನ ಮೊಟ್ಟಮೊದಲ ಟೆಸ್ಟ್ ಆಡಿದಾಗ, ಪಾಕಿಸ್ತಾನದ ವಿರುದ್ಧ ಆ ದೇಶದ ಮೊದಲ ಟೆಸ್ಟ್ ಶತಕ ಹೊಡೆದವನೂ ಅವನೇ.

"ನೆನಪೈತೇನಣ್ಣಾ?" ಅಂದೆ.

"ಬಿಡವ್ವಾ," ಅಂದು ನಕ್ಕ. "ಅವತ್ತು ಟಿವಿ ಆರಿಸಿದ್ದು ಈಗೂ ಹೊಟ್ಟಿ ಉರಿತೈತಿ. ಆದ್ರ ಅವ್ರು ಐರ್ಲೆಂಡಿನಾಗ ಹುಟ್ಟಿದ ಮಂದಿ. ನಮ್ಮ ಹುಡುಗಿ ಹುಟ್ಟಿದ್ದು ಬ್ಯಾಡಗ್ಯಾಗ."

ಹಂಗಾದ್ರೆ ಬೆಂಗಳೂರಿನಲ್ಲಿ ಹುಟ್ಟಿದವರ ಕಥೆ ಕೇಳು ಅಂತ ಫೋನ್ ತೆಗೆದೆ.

ಅನುರಾಧಾ ದೊಡ್ಡಬಳ್ಳಾಪುರ. ಹೆಸರಲ್ಲೇ ಊರಿದೆ ನೋಡಿ. ಹುಟ್ಟಿದ್ದು 1986ರಲ್ಲಿ. ಬೆಂಗಳೂರಿನಲ್ಲೇ ಆಡಿ ಬೆಳೆದು, ಕರ್ನಾಟಕದ 16 ಮತ್ತು 19 ವರ್ಷದೊಳಗಿನವರ ತಂಡಗಳಿಗೆ ಆಡಿದವರು. ಅಲ್ಲಿಂದ ಮುಂದಕ್ಕೆ, ಅಣ್ಣ ಹೇಳಿದ ಆ ಹನ್ನೊಂದರ ಬಾಗಿಲು ತೆರೆಯಲಿಲ್ಲ. ನಮ್ಮಲ್ಲಿ ಸಾವಿರಾರು ಜನರ ಆಟ ನಿಲ್ಲೋದು ಇಲ್ಲೇ. ಒಂದು ಕಡೆ ಡಿಗ್ರಿ, ಇನ್ನೊಂದು ಕಡೆ ಕ್ರಿಕೆಟ್. ಅವರು ಓದನ್ನೂ ಬಿಡಲಿಲ್ಲ, ಚೆಂಡನ್ನೂ ಬಿಡಲಿಲ್ಲ. ಸ್ನಾತಕೋತ್ತರ ಓದಿಗೆ ಇಂಗ್ಲೆಂಡಿನ ನ್ಯೂಕಾಸಲ್‌ಗೆ ಹೋದರು. 2011ರ ಆಸುಪಾಸಿನಲ್ಲಿ, ನಾವು ಟಿವಿ ಆರಿಸಿದ್ದೆವಲ್ಲ ಸರಿಸುಮಾರು ಅದೇ ಹೊತ್ತಿಗೆ, ಪಿಎಚ್‌ಡಿಗೆ ಅಂತ ಜರ್ಮನಿಯ ಫ್ರಾಂಕ್‌ಫರ್ಟ್ ಸೇರಿದರು. ಆಮೇಲೆ ಬಾಡ್ ನೌಹೈಮ್ ಅನ್ನುವ ಊರಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ವಿಜ್ಞಾನಿಯಾದರು. ಹೃದಯ ಮತ್ತು ಶ್ವಾಸಕೋಶದ ಸಂಶೋಧನೆಗೇ ಮೀಸಲಾದ ಸಂಸ್ಥೆ ಅದು. ಇವರದು ಹೃದಯದ ಕಡೆಯ ಕೆಲಸ.

ಇನ್ನು ಜರ್ಮನಿ ಅಂದ್ರೆ ನಮಗೆಲ್ಲ ಫುಟ್‌ಬಾಲ್. ಅಲ್ಲಿ ಕ್ರಿಕೆಟ್ ಬೆಳೆಸಿದ್ದು ಬಹುಪಾಲು ಹೊರಗಿಂದ ಬಂದವರು: ಓದಲಿಕ್ಕೆ ಬಂದವರು, ಕೆಲಸಕ್ಕೆ ಬಂದವರು, 2015ರ ನಂತರ ಆಶ್ರಯ ಕೇಳಿ ಬಂದ ಅಫ್ಗಾನ್ ಹುಡುಗರು. ಅಂಥ ದೇಶದ ಹೆಣ್ಣುಮಕ್ಕಳ ತಂಡಕ್ಕೆ ಈ ನಮ್ಮ ಅನುರಾಧಾ ಆಡಿದರು, ಆಮೇಲೆ ನಾಯಕಿಯೂ ಆದರು. ಅದೇ ತಂಡದಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಇನ್ನೊಬ್ಬರಿದ್ದರು, ಶರಣ್ಯಾ ಸದಾರಂಗಾನಿ.

"ಅದ್ಹೆಂಗ ಆಡಾಕ ಬಿಡ್ತಾರ? ಬ್ಯಾರೆ ದೇಶದಾಕಿ ಅಲ್ಲೇನು?" ಅಂತ ಅಣ್ಣ ಕೇಳಿದ. ಈ ಪ್ರಶ್ನೆ ನಿಮಗೂ ಬಂದಿರಬಹುದು. ಐಸಿಸಿ ನಿಯಮ ಇಷ್ಟು: ಆ ದೇಶದಲ್ಲಿ ಹುಟ್ಟಿರಬೇಕು, ಇಲ್ಲಾ ಅಲ್ಲಿಯ ಪ್ರಜೆಯಾಗಿರಬೇಕು, ಎರಡೂ ಇಲ್ಲದಿದ್ದರೆ ನಿಗದಿ ಮಾಡಿದಷ್ಟು ವರ್ಷ ಅಲ್ಲಿ ವಾಸವಿರಬೇಕು. ಇನ್ನೊಂದು ವಿಷಯ ಇದೆ. 2018ರ ಜುಲೈ 1ರವರೆಗೆ ಇಂಥ ಸಣ್ಣ ದೇಶಗಳ ಹೆಣ್ಣುಮಕ್ಕಳು ಆಡಿದ ಬಹುತೇಕ ಪಂದ್ಯಗಳು ಅಂತರರಾಷ್ಟ್ರೀಯ ಲೆಕ್ಕಕ್ಕೇ ಬರ್ತಿರಲಿಲ್ಲ. ಅವತ್ತಿಂದ ಐಸಿಸಿ ತನ್ನ ಎಲ್ಲ ಸದಸ್ಯ ದೇಶಗಳ ಮಹಿಳಾ ತಂಡಗಳಿಗೂ ಟಿ20 ಅಂತರರಾಷ್ಟ್ರೀಯ ಮಾನ್ಯತೆ ಕೊಟ್ಟಿತು. ಅದಕ್ಕೂ ಮೊದಲು ಬೆವರು ಸುರಿಸಿದ್ದೇ ಬಂತು, ದಾಖಲೆ ಪುಸ್ತಕದಲ್ಲಿ ಹೆಸರಿಲ್ಲ. ಆದರೂ ಆಡ್ತಿದ್ದರಲ್ಲ, ಅದು ದೊಡ್ಡದು.

ಈಗ 2020ಕ್ಕೆ ಬನ್ನಿ. ಮಾರ್ಚ್ 8ರಂದು ಮೆಲ್ಬರ್ನ್‌ನಲ್ಲಿ ಭಾರತ-ಆಸ್ಟ್ರೇಲಿಯಾ ಮಹಿಳೆಯರ ಟಿ20 ವಿಶ್ವಕಪ್ ಫೈನಲ್ ನಡೆದಾಗ ಕ್ರೀಡಾಂಗಣದಲ್ಲಿ ಇದ್ದವರು 86,174 ಜನ. ಅದಾದ ಮೇಲೆ ಕೊರೊನಾ ಬಂತು, ಎಲ್ಲಾ ಬಂದ್. ಐದು ತಿಂಗಳಾದ ಮೇಲೆ ಹೆಣ್ಣುಮಕ್ಕಳ ಅಂತರರಾಷ್ಟ್ರೀಯ ಕ್ರಿಕೆಟ್ ಮತ್ತೆ ಶುರುವಾದದ್ದು ಎಲ್ಲಿ ಗೊತ್ತಾ? ಲಾರ್ಡ್ಸ್ ಅಲ್ಲ, ಮುಂಬೈಯೂ ಅಲ್ಲ. ಆಸ್ಟ್ರಿಯಾ ದೇಶದ ಸೀಬಾರ್ನ್ ಅನ್ನೋ ಸಣ್ಣ ಊರಿನ ಮೈದಾನದಲ್ಲಿ. ಆಸ್ಟ್ರಿಯಾಕ್ಕೂ ಜರ್ಮನಿಗೂ ಸರಣಿ.

ಆಗಸ್ಟ್ 14, ಶುಕ್ರವಾರ. ಜರ್ಮನಿಯ ನಾಯಕಿ ಅನುರಾಧಾ ಚೆಂಡು ತಗೊಂಡರು. ಒಂದು ಎಸೆತ, ಒಂದು ವಿಕೆಟ್. ಮುಂದಿನದು, ಎರಡನೇ ವಿಕೆಟ್. ಮುಂದಿನದು, ಹ್ಯಾಟ್ರಿಕ್. ಅದರ ಮುಂದಿನದು, ನಾಲ್ಕು! ನಾಲ್ಕು ಎಸೆತಕ್ಕೆ ನಾಲ್ಕು ವಿಕೆಟ್. ಕೊನೆಗೆ ಅವರ ಲೆಕ್ಕ ಹೀಗಿತ್ತು: 3 ಓವರ್, 2 ಮೇಡನ್, 1 ರನ್, 5 ವಿಕೆಟ್. ಅಂತರರಾಷ್ಟ್ರೀಯ ಟಿ20ಯಲ್ಲಿ ನಾಲ್ಕು ಎಸೆತಕ್ಕೆ ನಾಲ್ಕು ವಿಕೆಟ್ ಕಿತ್ತ ಮೊದಲ ಮಹಿಳೆ. ಅಲ್ಲಿಯವರೆಗೆ ಗಂಡಸರಲ್ಲೂ ಹೀಗೆ ಮಾಡಿದವರು ಇಬ್ಬರೇ, ರಶೀದ್ ಖಾನ್ ಮತ್ತು ಮಾಲಿಂಗ.

ಅಣ್ಣ ಕುರ್ಚಿಯಲ್ಲಿ ಮುಂದಕ್ಕೆ ಬಂದ. "ಆಸ್ಟ್ರೇಲಿಯಾ ವಿರುದ್ಧ?!"

"ಆಸ್ಟ್ರೇಲಿಯಾ ಅಲ್ಲಣ್ಣಾ, ಆಸ್ಟ್ರಿಯಾ. ಜರ್ಮನಿ ಬಾಜೂಕ ಐತಿ."

"ಹೋಗ," ಅಂತ ಮತ್ತೆ ಹಿಂದಕ್ಕೆ ಒರಗಿದ. "ಬಾವ್ಯಾಗ ಈಸಿ ಸಮುದ್ರಾ ದಾಟೀನಿ ಅಂದಂಗಾತು."

ಪುಟ್ಟಿ ಮುಖ ಸಣ್ಣದಾಯ್ತು. ನನಗೂ ಒಂದು ಕ್ಷಣ ಉತ್ತರ ಹೊಳೀಲಿಲ್ಲ. ಯಾಕಂದ್ರೆ ಅವನ ಮಾತೂ ನಿಜ. ಆಸ್ಟ್ರಿಯಾ ಅಂಥ ಬಲವಾದ ತಂಡ ಏನಲ್ಲ. ಅದೇ ನಾಲ್ಕು ಎಸೆತಕ್ಕೆ ಮೆಗ್ ಲ್ಯಾನಿಂಗ್ ಔಟಾಗ್ತಿದ್ದಳು ಅಂತ ನಾನೂ ಹೇಳಲ್ಲ.

ಆದರೆ ಆ ಮಾತಿಗೆ ಇನ್ನೊಂದು ಮಗ್ಗುಲಿದೆ. ಬಾವಿಯಲ್ಲಾದ್ರೂ ಈಸಬೇಕಲ್ಲ! ವಾರವಿಡೀ ಪ್ರಯೋಗಾಲಯದ ಕೆಲಸ, ರಜೆ ಹೊಂದಿಸಿಕೊಂಡು ಅಭ್ಯಾಸ, ಪಂದ್ಯ ಮುಗಿದರೆ ಮತ್ತೆ ಪ್ರಯೋಗಾಲಯ. ಗುತ್ತಿಗೆ ಇಲ್ಲ, ಜಾಹೀರಾತು ಇಲ್ಲ, ಏರ್‌ಪೋರ್ಟಿನಲ್ಲಿ ಸೆಲ್ಫಿ ಕೇಳೋರಿಲ್ಲ. ಕರ್ನಾಟಕದ ಕಿರಿಯರ ತಂಡದಲ್ಲಿ ಆಡಿದ ಹುಡುಗಿ, ನಾಲ್ಕು ಎಸೆತಕ್ಕೆ ನಾಲ್ಕು ವಿಕೆಟ್ ಕೀಳುವಾಗ ವಯಸ್ಸು 33. ನಡುವಿನ ಅಷ್ಟೂ ವರ್ಷ ಯಾರೂ ನೋಡದ ಮೈದಾನಗಳಲ್ಲಿ ಬೌಲಿಂಗ್ ಮಾಡದೇ ಇದ್ದಿದ್ದರೆ ಆ ಶುಕ್ರವಾರ ಬರ್ತಿತ್ತಾ?

ಅಣ್ಣನಿಗೆ ಇದೇ ಥರದ ಇನ್ನೊಂದು ಪಂದ್ಯ ನೆನಪು ಮಾಡಿದೆ. 2024ರ ಜೂನ್ 6, ಡಲ್ಲಾಸ್. ಟಿ20 ವಿಶ್ವಕಪ್ಪಿನಲ್ಲಿ ಅಮೆರಿಕ ಪಾಕಿಸ್ತಾನವನ್ನು ಸೂಪರ್ ಓವರಿನಲ್ಲಿ ಸೋಲಿಸಿದ್ದು. ಅದನ್ನ ಅವನು ನಿದ್ದೆಗೆಟ್ಟು ನೋಡಿದ್ದ. ಅವತ್ತು 30 ರನ್ ಕೊಟ್ಟು 3 ವಿಕೆಟ್ ತೆಗೆದ ಎಡಗೈ ಸ್ಪಿನ್ನರ್ ನಾಸ್ತುಷ್ ಕೆಂಜಿಗೆ ನಮ್ಮ ಚಿಕ್ಕಮಗಳೂರು ಕಡೆಯ ಹುಡುಗ. ಹುಟ್ಟಿದ್ದು ಅಮೆರಿಕದ ಅಲಬಾಮಾದಲ್ಲಿ, ಮನೆತನ ಕಾಫಿ ತೋಟದ್ದು. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ, ಲೀಗ್ ಕ್ರಿಕೆಟ್ ಆಡಿ, 2015ರಲ್ಲಿ ಅಮೆರಿಕಕ್ಕೆ ವಾಪಸ್ ಹೋಗಿ ಕೆಲಸಕ್ಕೆ ಸೇರಿದವನು. ಆ ಸೂಪರ್ ಓವರ್ ಬೌಲಿಂಗ್ ಮಾಡಿದ ಸೌರಭ್ ನೇತ್ರಾವಳ್ಕರ್ ಮುಂಬೈನಲ್ಲಿ ಹುಟ್ಟಿದ ಸಾಫ್ಟ್‌ವೇರ್ ಎಂಜಿನಿಯರ್. "ಅಣ್ಣಾ, ಅವತ್ತು ಪಾಕಿಸ್ತಾನ ಏನ್ ಬಾವಿ ಆಗಿತ್ತೇನು?" ಅಂದೆ. ಏನೂ ಅನ್ನಲಿಲ್ಲ, ಚಹಾ ಕುಡಿದ.

ಇಲ್ಲಿ ನಿಮಗೊಂದು ಮಾತು ಹೇಳಬೇಕು. 'ಇಲ್ಲಿ ಆಗಲಿಲ್ಲ ಅಂದ್ರೆ ವಿದೇಶಕ್ಕೆ ಹೋಗಿ' ಅಂತ ಇದರ ಅರ್ಥ ಮಾಡ್ಕೋಬೇಡಿ. ಅನುರಾಧಾ ಜರ್ಮನಿಗೆ ಹೋದದ್ದು ಕ್ರಿಕೆಟ್ಟಿಗಲ್ಲ, ಓದಿಗೆ. ಓದು ಅವರನ್ನ ಅಲ್ಲಿಗೆ ಕರಕೊಂಡು ಹೋಯ್ತು, ಆಟ ಜೊತೆಗೆ ಹೋಯ್ತು. ನಮ್ಮ ಮನೆಗಳಲ್ಲಿ ಈ ಎರಡನ್ನೂ ಸವತಿಯರ ಹಾಗೆ ನೋಡ್ತೀವಿ. ಒಂದು ಇದ್ದರೆ ಇನ್ನೊಂದಕ್ಕೆ ಜಾಗ ಇಲ್ಲ. ಹತ್ತನೇ ಕ್ಲಾಸು ಬಂತಾ, ಆಟ ಬಂದ್. ಆಫೀಸು ಸೇರಿದ್ವಾ, ಹಾಡು, ಚಿತ್ರ, ಓಟ ಎಲ್ಲಾ ಬಂದ್. 'ಇದರಾಗ ಮುಂದ ಏನೈತಿ' ಅನ್ನೋ ಒಂದೇ ಪ್ರಶ್ನೆ ಸಾಕು, ಯಾರನ್ನಾದ್ರೂ ನಿಲ್ಲಿಸೋಕೆ.

ನನ್ನನ್ನ ನಿಲ್ಲಿಸೋಕೆ ಆ ಪ್ರಶ್ನೆಯೂ ಬೇಕಾಗಲಿಲ್ಲ. ಇದನ್ನ ಅವತ್ತೇ ಮೊದಲ ಸಲ ಅಣ್ಣನ ಎದುರು ಹೇಳಿದೆ.

ನಮ್ಮ ಓಣಿಯ ಟೀಮಿನಲ್ಲಿ ನಾನೊಬ್ಬಳೇ ಹುಡುಗಿ. ಶಾಲೆಯಲ್ಲಿ ಹುಡುಗಿಯರಿಗೆ ಖೋಖೋ ಇತ್ತು, ಥ್ರೋಬಾಲ್ ಇತ್ತು, ಕ್ರಿಕೆಟ್ ಇರಲಿಲ್ಲ. ಆದರೆ ಸಂಜೆ ಅಣ್ಣನೇ ಬಾಗಿಲಿಗೆ ಬಂದು, "ಲಗೂನ ಬಾ, ಕಡೀ ಓವರ್ ನೀನ ಹಾಕಬೇಕು" ಅಂತ ಕರೀತಿದ್ದ. ಪರೀಕ್ಷೆಗೆ ಅಂತ ಎರಡು ತಿಂಗಳು ನಿಲ್ಲಿಸಿದೆ. ಪರೀಕ್ಷೆ ಮುಗೀತು, ರಿಸಲ್ಟ್ ಬಂತು. ಸಂಜೆ ಮನೆಮುಂದೆ ಚೆಂಡಿನ ಸದ್ದು ಕೇಳ್ತಿತ್ತು. ಯಾರೂ ನನಗೆ 'ಆಡಬೇಡ' ಅನ್ನಲಿಲ್ಲ. ಕರೆಯೋದು ನಿಲ್ಲಿಸಿದರು, ಅಷ್ಟೇ.

ಅಣ್ಣ ಬಹಳ ಹೊತ್ತು ಸುಮ್ಮನೆ ಕೂತ. ಆಮೇಲೆ, "ನನಗ ಹಂಗ ಅನ್ಸಿದ್ದೇ ಇಲ್ಲ ನೋಡವ್ವಾ. ನೀನ ಬಿಟ್ಟಿ ಅನ್ಕೊಂಡಿದ್ದೆ," ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೂ ಆಗ ಹದಿನೆಂಟು. ನಾನೂ ಒಂದು ಸಲ ನಾನಾಗೇ ಹೋಗಿ ನಿಲ್ಲಬಹುದಿತ್ತು. ನಿಲ್ಲಲಿಲ್ಲ.

ಅಲ್ಲಿವರೆಗೆ ರೊಟ್ಟಿ ತಟ್ಟುತ್ತಾ ಎಲ್ಲಾ ಕೇಳಿಸಿಕೊಳ್ತಿದ್ದ ವೈನಿ ಒಳಗಿಂದಲೇ ಒಂದು ಮಾತು ಅಂದಳು. "ಅಲ್ರೀ, ಎಲ್ಲಾ ಮೆಣಸಿನಕಾಯಿ ಖಾರಕ್ಕ ಮಾರ್ತಾವೇನು? ನಮ್ಮೂರಿಂದು ಬಣ್ಣಕ್ಕ ಹೋಗ್ತೈತಿ ಅಂತ ದಿನಾ ನೀವ ಹೇಳ್ತೀರಿ. ಕೂಸು ಇಂಡಿಯಾಕ್ಕ ಆಡಿದ್ರ ಅಷ್ಟ ಆಟೇನು?"

ಮೆಣಸಿನಕಾಯಿ ಲೆಕ್ಕ ಬರೆಯೋನಿಗೆ ಇದಕ್ಕಿಂತ ಬಿಡಿಸಿ ಹೇಳೋದು ಬೇಕಾಗಿರಲಿಲ್ಲ. ಡಬ್ಬಿಗೂ ಕಡ್ಡಿಗೂ ಬೇರೆ ಬೇರೆ ಗಿರಾಕಿ ಅಂತ ಅವನಿಗೇ ಚೆನ್ನಾಗಿ ಗೊತ್ತು.

ಸಹಿ ಬಿತ್ತು. ಪುಕ್ಕಟೆ ಏನಲ್ಲ, ಷರತ್ತು ಇವೆ. ಗಣಿತದಲ್ಲಿ ಅಂಕ ಇಳೀಬಾರದು. ಫೀಸು ಅವನದು, ಬೂಟು ನನ್ನದು. ವಾರದ ದಿನ ವೈನಿ ಬಸ್ ಹತ್ತಿಸಬೇಕು, ಭಾನುವಾರ ರಾಣೆಬೆನ್ನೂರಿಂದ ನಾನು ಬಂದು ಕರಕೊಂಡು ಹೋಗಬೇಕು. ಮುಂದೆ ಪುಟ್ಟಿ ಏನಾಗ್ತಾಳೆ ಅಂತ ನಮಗೆ ಯಾರಿಗೂ ಗೊತ್ತಿಲ್ಲ. ಹುಬ್ಬಳ್ಳಿಯ ಆಯ್ಕೆ ಶಿಬಿರದವರೆಗೂ ಹೋಗದೇ ಇರಬಹುದು. ಎರಡು ತಿಂಗಳಲ್ಲಿ ಅವಳಿಗೇ ಬೇಜಾರಾಗಿ ಬಿಡಬಹುದು. ಬಿಟ್ಟರೆ ಅವಳೇ ಬಿಡಲಿ. ಹದಿಮೂರನೇ ವಯಸ್ಸಿಗೆ ನಾವು ಟಿವಿ ಆರಿಸೋದು ಬೇಡ. ನನಗೆ ಬೇಕಾಗಿದ್ದು ಅಷ್ಟೇ. ನನ್ನ ಲ್ಯಾಬಿನಲ್ಲೂ ಮೊದಲ ದಿನವೇ ಕಾಗದ ಬಿಚ್ಚಿ ನೋಡಿ 'ಮೊಳಕೆ ಇಲ್ಲ' ಅಂತ ಬರೆಯೋಕೆ ಆಗಲ್ಲ. ಅದಕ್ಕೆ ಅಂತ ದಿನ ಗೊತ್ತುಮಾಡಿರ್ತಾರೆ, ಅಲ್ಲಿವರೆಗೆ ಕಾಯಬೇಕು.

ಅವತ್ತು ಸಂಜೆ ಓಣಿಯಲ್ಲಿ ಪುಟ್ಟಿ ಬ್ಯಾಟು ಹಿಡಿದಳು. ನಾನು ಹದಿನೈದು ವರ್ಷದ ಮೇಲೆ ಚೆಂಡು ಹಿಡಿದೆ. ಮೊದಲ ಎಸೆತ ಪಕ್ಕದ ಮನೆಯ ತುಳಸಿಕಟ್ಟೆಗೆ ಬಡೀತು. ಎರಡನೆಯದು ನೆಟ್ಟಗೆ ಬಿತ್ತು. ಮರುದಿನ ಭುಜ ಹಿಡಕೊಂಡು ಲ್ಯಾಬಿನಲ್ಲಿ ಒಂದು ಕೈಯಿಂದಲೇ ಬೀಜ ಎಣಿಸಿದೆ.

ಗುರುವಾರ ಮಧ್ಯಾಹ್ನ ಅಣ್ಣನ ಫೋನ್ ಬಂತು. ಮಾರುಕಟ್ಟೆ ದಿನ ಅವನು ಫೋನ್ ಮಾಡೋನೇ ಅಲ್ಲ. ಹಿಂದೆ ತೂಕದ ಸದ್ದು, ಹಮಾಲರ ಕೂಗು. "ಏನಾತಣ್ಣಾ?" ಅಂತ ಗಾಬರಿಯಿಂದ ಕೇಳಿದೆ.

"ಏನಿಲ್ಲವ್ವಾ. ಇಲ್ಲೇ ಅಂಗಡ್ಯಾಗ ಹೇಳಾಕತ್ತಿದ್ದೆ, ನಮ್ಮ ಕನ್ನಡದ ಹೆಣ್ಮಗಳು ಒಬ್ಬಾಕಿ ನಾಕ ಬಾಲಿಗೆ ನಾಕ ವಿಕೆಟ್ ತಗದಾಳ ಅಂತ. ಇವ್ರು ನಂಬವಲ್ರು. ಆ ಸುದ್ದಿ ನನ್ನ ವಾಟ್ಸಾಪಿಗೆ ಹಾಕು."

ಹಿಂದಿನಿಂದ ಯಾರೋ, "ಆಸ್ಟ್ರೇಲಿಯಾ ವಿರುದ್ಧ ಏನ್ರೀ?" ಅಂತ ಕೇಳಿದ್ದು ನನಗೂ ಕೇಳಿಸಿತು.

"ಆಸ್ಟ್ರೇಲಿಯಾ ಅಲ್ರೀ, ಆಸ್ಟ್ರಿಯಾ," ಅಂದ ಅಣ್ಣ. "ಅದು ಬ್ಯಾರೆ ದೇಶ. ಅಲ್ಲೂ ಆಡ್ತಾರ."